ಮೇಷ್ಟ್ರಿಗೂ ಬಿತ್ತು ದಂಡ!

ಲೆಕ್ಕ ಸರಿಯಿತ್ತು. ಒಂದು ಪೈಸೆ ತೆರಿಗೆಯೂ ಬಾಕಿಯಿರಲಿಲ್ಲ. ಗಡುವಿಗೆ ನಾಲ್ಕು ದಿನ ಮೊದಲೇ ರಿಟರ್ನ್ ಸಲ್ಲಿಸಿಯೂ ಆಗಿತ್ತು. ಆದರೂ ಐದು ಸಾವಿರ ರೂಪಾಯಿ ಕೈಬಿಟ್ಟಿತು. ಹೇಗೆ?

ನನ್ನ ತರಗತಿಯಲ್ಲಿ ಒಂದು ನಿಯಮವಿದೆ. ಭೌತಶಾಸ್ತ್ರದ ಲೆಕ್ಕ ಮಾಡಿ, ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಡಿತ. ವೇಗ ಇಪ್ಪತ್ತು ಎಂದು ಬರೆದರೆ ಸಾಲದು. ಸೆಕೆಂಡಿಗೆ ಇಪ್ಪತ್ತು ಮೀಟರೋ, ಗಂಟೆಗೆ ಇಪ್ಪತ್ತು ಕಿಲೋಮೀಟರೋ ಹೇಳಬೇಕು. ಪ್ರತಿ ವರ್ಷವೂ ಹತ್ತಾರು ಮಕ್ಕಳು ಉತ್ತರ ಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಬಳಿ ಬರುತ್ತಾರೆ. 'ಸಾರ್, ಲೆಕ್ಕ ಪೂರ್ತಿ ಸರಿ ಇದೆಯಲ್ಲ ಸಾರ್' ಎಂದು ಮುಖ ಸಣ್ಣದು ಮಾಡುತ್ತಾರೆ. 'ಕೊನೆಯ ಹೆಜ್ಜೆ ಇಡದವನು ಊರು ತಲುಪಿದ ಹಾಗಲ್ಲ ಕಣಯ್ಯಾ' ಎಂದು ನಾನು ಕಳಿಸುತ್ತೇನೆ. ಈ ಮಾತನ್ನು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಅದೇ ಮಾತು ನನಗೆ ತಿರುಗಿ ಬಂದ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

2024ರ ಜುಲೈ 27, ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದು, ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. 2023-24ನೇ ಆರ್ಥಿಕ ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ನಮ್ಮಂಥ ಸಂಬಳದಾರರಿಗೆ ಜುಲೈ 31 ಕೊನೆಯ ದಿನವಾಗಿತ್ತು. ಶಾಲೆಯ ಗುಮಾಸ್ತರು ಕೊಟ್ಟ ಫಾರಂ-16 ಪಕ್ಕದಲ್ಲಿತ್ತು. ಸಂಬಳದಾರರು ತುಂಬುವ 'ಸಹಜ್' ಎಂಬ ಐಟಿಆರ್-1 ನಮೂನೆ ನನಗೆ ಹೊಸದೇನಲ್ಲ, ಐದಾರು ವರ್ಷಗಳಿಂದ ನಾನೇ ತುಂಬುತ್ತಿದ್ದೇನೆ. ಆ ವರ್ಷ ಬರಬೇಕಿದ್ದ ಒಂದಿಷ್ಟು ಬಾಕಿ ಸಂಬಳ ಬರಲಿಲ್ಲ. ಆದರೆ ಅದು ಬಂದೇ ಬರುತ್ತದೆಂಬ ಅಂದಾಜಿನಲ್ಲಿ ತೆರಿಗೆ ಮುರಿದುಕೊಂಡಿದ್ದರು. ಹೀಗಾಗಿ ಸರಕಾರವೇ ನನಗೆ 3,860 ರೂಪಾಯಿ ಹಿಂತಿರುಗಿಸಬೇಕಾಗಿತ್ತು. ಲೆಕ್ಕವನ್ನು ಎರಡು ಬಾರಿ ತಾಳೆ ನೋಡಿ ಸಲ್ಲಿಸಿದೆ.

ಆಮೇಲೆ ಉಳಿದಿದ್ದು ಒಂದೇ ಕೆಲಸ, ದೃಢೀಕರಣ. ಇ-ವೆರಿಫಿಕೇಶನ್ ಎಂದು ಇದಕ್ಕೆ ಹೆಸರು. ಹಿಂದೆ ಕಾಗದದ ರಿಟರ್ನ್ ಕೊಡುತ್ತಿದ್ದಾಗ ಕೊನೆಯ ಪುಟದಲ್ಲಿ ಸಹಿ ಹಾಕುತ್ತಿದ್ದೆವಲ್ಲ, ಅದರ ಬದಲು ಇದು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಆರು ಅಂಕಿಯ ಒಟಿಪಿ ಬರುತ್ತದೆ, ಅದನ್ನು ತುಂಬಿದರೆ ಸಹಿ ಬಿದ್ದಂತೆ. ನನ್ನ ಮೊಬೈಲ್‌ಗೆ ಒಟಿಪಿ ಬರಲೇ ಇಲ್ಲ. ಆಧಾರ್‌ನಲ್ಲಿದ್ದ ಹಳೆಯ ನಂಬರನ್ನು ನಾನು ಕೆಲವು ತಿಂಗಳ ಹಿಂದೆಯೇ ಕೈಬಿಟ್ಟಿದ್ದೆ. ಪರದೆಯ ಮೇಲೆ 'ಆಮೇಲೆ ದೃಢೀಕರಿಸುತ್ತೇನೆ' ಎಂಬ ಆಯ್ಕೆ ಕಂಡಿತು. ಒತ್ತಿದೆ. ಒಂದು ಕಾಗದ ಇಳಿದು ಬಂತು. ಅದರ ನೆತ್ತಿಯ ಮೇಲೆ ಸ್ವೀಕೃತಿ ಸಂಖ್ಯೆ, ದಿನಾಂಕ ಎಲ್ಲ ಇದ್ದವು. ಮುದ್ರಿಸಿ ಕಡತಕ್ಕೆ ಸೇರಿಸಿ ನಿಶ್ಚಿಂತನಾದೆ.

ಅವಸರವೇನೂ ಇಲ್ಲ ಎಂದು ನಾನು ತಿಳಿದಿದ್ದಕ್ಕೆ ಕಾರಣವೂ ಇತ್ತು. ಮೊದಲು ಈ ದೃಢೀಕರಣಕ್ಕೆ 120 ದಿನಗಳ ಅವಕಾಶವಿತ್ತು. ನನ್ನ ತಲೆಯಲ್ಲಿ ಕುಳಿತಿದ್ದು ಆ 'ನಾಲ್ಕು ತಿಂಗಳು'. ಆದರೆ 2022ರ ಆಗಸ್ಟ್ 1ರಿಂದ ಅದನ್ನು 30 ದಿನಕ್ಕೆ ಇಳಿಸಿದ್ದರು. ನಡುವಿನ ವರ್ಷಗಳಲ್ಲಿ ಕುಳಿತ ಕಡೆಯಲ್ಲೇ ಒಟಿಪಿ ಬಂದು ಕೆಲಸ ಮುಗಿಯುತ್ತಿದ್ದುದರಿಂದ ಬದಲಾವಣೆ ನನ್ನ ಗಮನಕ್ಕೆ ಬಂದಿರಲೇ ಇಲ್ಲ.

ಸ್ವಾತಂತ್ರ್ಯ ದಿನಾಚರಣೆ ಬಂತು, ಕಿರುಪರೀಕ್ಷೆಗಳು ಬಂದವು. ಮೂವತ್ತನೆಯ ದಿನ ಬಿದ್ದಿದ್ದು ಆಗಸ್ಟ್ 26ಕ್ಕೆ. ಅಂದು ಕೃಷ್ಣ ಜನ್ಮಾಷ್ಟಮಿ. ಮನೆಯಲ್ಲಿ ಚಕ್ಕುಲಿ ಕರಿಯುವ ಸಂಭ್ರಮದಲ್ಲಿ ನನ್ನ ಗಡುವು ಸದ್ದಿಲ್ಲದೆ ಹೊರಟುಹೋಯಿತು. ಜಾಲತಾಣದಲ್ಲಿ ನಾನು ಕೊಟ್ಟಿದ್ದ ಇ-ಮೇಲ್ ವಿಳಾಸವೂ ಹಳೆಯದೇ. ಅದನ್ನು ತೆರೆದು ನೋಡಿ ವರ್ಷವಾಗಿತ್ತು.

ಬ್ಯಾಂಕಿನಲ್ಲಿ ಬಯಲಾದ ಗುಟ್ಟು

ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಎರಡನೆಯ ವರ್ಷದ ಶುಲ್ಕ ಕಟ್ಟಲು ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದ್ದೆವು. ನವೆಂಬರ್ ತಿಂಗಳ ಕೊನೆಯೊಳಗೆ ಕಟ್ಟಬೇಕೆಂದು ಕಾಲೇಜಿನವರು ಹೇಳಿದ್ದರು. ತಂದೆಯ ಎರಡು ವರ್ಷದ ರಿಟರ್ನ್ ತನ್ನಿ ಎಂದು ಬ್ಯಾಂಕಿನವರು ಕೇಳಿದರು. ನವೆಂಬರ್ 21ರಂದು ಕಡತವನ್ನು ಬಗಲಿಗಿಟ್ಟುಕೊಂಡು ಹೋದೆ, ಮಗಳೂ ಜೊತೆಗಿದ್ದಳು.

ಅಧಿಕಾರಿ ಹಿಂದಿನ ವರ್ಷದ ಕಾಗದ ನೋಡಿ ತಲೆಯಾಡಿಸಿದರು. ಈ ವರ್ಷದ್ದನ್ನು ತಿರುಗಿಸಿ ತಿರುಗಿಸಿ ನೋಡಿ, 'ಮೇಷ್ಟ್ರೇ, ಇದು ಸ್ವೀಕೃತಿ ಪತ್ರ ಅಲ್ಲವಲ್ಲ' ಎಂದರು.

'ನಂಬರ್ ಇದೆಯಲ್ಲ ಸ್ವಾಮಿ?'

'ನಂಬರ್ ಇದೆ. ಆದರೆ ಇಲ್ಲಿ ನೋಡಿ, ಸಲ್ಲಿಸಲಾಗಿದೆ, ದೃಢೀಕರಿಸಿಲ್ಲ ಅಂತ ಬರೆದಿದೆ. ಇದು ಐಟಿಆರ್-ವಿ. ಸಹಿಗೋಸ್ಕರ ಕೊಡುವ ನಮೂನೆ. ಸಹಿ ಇಲ್ಲದ ರಿಟರ್ನ್ ಇಟ್ಟುಕೊಂಡು ನಾನು ಸಾಲ ಹೇಗೆ ಕೊಡಲಿ?'

ಮಗಳು ನನ್ನ ಮುಖ ನೋಡಿದಳು. 'ಅಪ್ಪಾ, ನೀವು ಏಕಮಾನ ಬರೆದಿಲ್ಲ' ಎಂದಳು. ಅವಳೂ ನನ್ನ ತರಗತಿಯಲ್ಲೇ ಕಲಿತವಳು, ಅವಳಿಗೂ ಆಗೊಮ್ಮೆ ಅರ್ಧ ಅಂಕ ಹೋಗಿತ್ತು.

ಆಧಾರ್‌ಗೆ ಹೊಸ ನಂಬರ್ ಸೇರಿಸಲು ಕೆಲವು ದಿನ ಬೇಕು, ಶುಲ್ಕಕ್ಕೆ ಉಳಿದಿರುವುದು ಒಂಬತ್ತೇ ದಿನ. ನನ್ನ ಗಾಬರಿ ನೋಡಿ ಅಧಿಕಾರಿಯೇ ದಾರಿ ತೋರಿಸಿದರು. ಒಟಿಪಿ ಆಧಾರ್‌ನಿಂದಲೇ ಬರಬೇಕೆಂದಿಲ್ಲ. ರೀಫಂಡ್ ಬರಲೆಂದು ಇಲಾಖೆಯ ಜಾಲತಾಣದಲ್ಲಿ ನಾನು ನೋಂದಾಯಿಸಿದ್ದ ಬ್ಯಾಂಕ್ ಖಾತೆಯ ಮೂಲಕವೂ ಸಂಕೇತ ಸಂಖ್ಯೆ ತರಿಸಿಕೊಳ್ಳಬಹುದು. ಖಾತೆಯಲ್ಲಿ ನನ್ನ ಹೊಸ ನಂಬರೇ ಇತ್ತು. ಅಲ್ಲೇ ಕುಳಿತು ಮಾಡಿದೆ, ಐದು ನಿಮಿಷದಲ್ಲಿ ಮುಗಿಯಿತು. ಜುಲೈ 27ರಂದೂ ಈ ಬಾಗಿಲು ತೆರೆದೇ ಇತ್ತು, ನಾನು ತಳ್ಳಿ ನೋಡಿರಲಿಲ್ಲ ಅಷ್ಟೆ. ಸಾಲ ಮಂಜೂರಾಯಿತು, ಶುಲ್ಕ ಕಟ್ಟಿದೆವು. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂದು ಮನೆಯವಳು ನಕ್ಕಳು. ಕಥೆ ಮುಗಿಯಿತೆಂದೇ ತಿಳಿದೆ.

ಎರಡು ಕಾಲಂಗಳ ಪತ್ರ

2025ರ ಜನವರಿಯಲ್ಲಿ ಇ-ಮೇಲ್ ಬಂತು. ಆದಾಯ ತೆರಿಗೆ ಕಾಯ್ದೆಯ 143(1)ನೇ ಕಲಂ ಪ್ರಕಾರದ ತಿಳಿವಳಿಕೆ ಪತ್ರ. ದೇಶದ ಮೂಲೆಮೂಲೆಯಿಂದ ಸಲ್ಲಿಕೆಯಾಗುವ ರಿಟರ್ನ್‌ಗಳ ಲೆಕ್ಕವನ್ನು ನಮ್ಮ ಬೆಂಗಳೂರಿನಲ್ಲಿ 2009ರಲ್ಲಿ ಆರಂಭವಾದ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಪರಿಶೀಲಿಸಿ ಈ ಪತ್ರ ಕಳಿಸುತ್ತದೆ. ಪತ್ರಕ್ಕೆ ಬೀಗವಿರುತ್ತದೆ. ನಿಮ್ಮ ಪಾನ್ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಬರೆದು, ಅದಕ್ಕೆ ಜನ್ಮದಿನಾಂಕ ಸೇರಿಸಿದರೆ ತೆರೆಯುತ್ತದೆ.

ಒಳಗೆ ಎರಡು ಕಾಲಂ. ಎಡಕ್ಕೆ ನಾನು ಬರೆದ ಲೆಕ್ಕ, ಬಲಕ್ಕೆ ಇಲಾಖೆಯ ಲೆಕ್ಕ. ಸಂಬಳ ತಾಳೆ, ತೆರಿಗೆ ತಾಳೆ, ಮುರಿದುಕೊಂಡ ತೆರಿಗೆಯೂ ತಾಳೆ. ಕೆಳಗಿನ ಒಂದೇ ಒಂದು ಸಾಲಿನಲ್ಲಿ ವ್ಯತ್ಯಾಸ. 234ಎಫ್ ಕಲಂ ಪ್ರಕಾರ ಶುಲ್ಕ ಎಂಬಲ್ಲಿ ನನ್ನ ಕಡೆ ಸೊನ್ನೆ, ಅವರ ಕಡೆ 5,000. ನನಗೆ ಬರಬೇಕಿದ್ದ 3,860 ಅದರಲ್ಲಿ ಕರಗಿ, ನಾನೇ 1,140 ರೂಪಾಯಿ ಕಟ್ಟಬೇಕೆಂದು ಬೇಡಿಕೆ!

ಕೋಪ ನೆತ್ತಿಗೇರಿತು. ನಾಲ್ಕು ದಿನ ಮೊದಲೇ ಸಲ್ಲಿಸಿದವನಿಗೆ ತಡವೆಂದು ದಂಡವೇ? ತೆರಿಗೆ ಬಾಕಿಯೇ ಇಲ್ಲದವನಿಗೆ ದಂಡವೇ? ಖಾರವಾಗಿ ಒಂದು ಆಕ್ಷೇಪಣೆ ಬರೆಯಲು ಕುಳಿತೆ. 'ನನ್ನ ಲೆಕ್ಕ ಪೂರ್ತಿ ಸರಿ ಇದೆ' ಎಂಬ ಮೊದಲ ವಾಕ್ಯ ಬರೆದು ಪೆನ್ನು ನಿಲ್ಲಿಸಿದೆ. ಈ ವಾಕ್ಯವನ್ನು ನಾನು ಎಲ್ಲಿಯೋ ಕೇಳಿದ್ದೇನೆ ಅನ್ನಿಸಿತು!

ಆಕ್ಷೇಪಣೆ ಬದಿಗಿಟ್ಟು ನಿಯಮ ಓದಿದೆ. ಮೂವತ್ತು ದಿನದೊಳಗೆ ದೃಢೀಕರಿಸಿದರೆ ರಿಟರ್ನ್ ಸಲ್ಲಿಸಿದ ದಿನವೇ ಲೆಕ್ಕಕ್ಕೆ. ಆ ಅವಧಿ ದಾಟಿ ದೃಢೀಕರಿಸಿದರೆ, ದೃಢೀಕರಿಸಿದ ದಿನವನ್ನೇ ಸಲ್ಲಿಸಿದ ದಿನವೆಂದು ಹಿಡಿಯುತ್ತಾರೆ. ಅಂದರೆ ಕಾನೂನಿನ ಕಣ್ಣಿನಲ್ಲಿ ನಾನು ರಿಟರ್ನ್ ಕೊಟ್ಟಿದ್ದು ಜುಲೈ 27ಕ್ಕಲ್ಲ, ನವೆಂಬರ್ 21ಕ್ಕೆ. ಎಣಿಸಿ ನೋಡಿದೆ. ಸಲ್ಲಿಸಿದ 117ನೆಯ ದಿನ. ಹಳೆಯ 120 ದಿನದ ನಿಯಮವಿದ್ದಿದ್ದರೆ ಪಾಸಾಗುತ್ತಿದ್ದೆ!

ಇಳಿಜಾರು ಮತ್ತು ಮೆಟ್ಟಿಲು

ಇಲ್ಲಿ ವಿದ್ಯಾರ್ಥಿ ಮಿತ್ರರು ಒಂದು ನಕ್ಷೆ ಬಿಡಿಸಿಕೊಳ್ಳಬಹುದು. ರಿಟರ್ನ್ ತಡವಾದರೆ ಬೀಳುವ ಹೊರೆ ಎರಡು ಬಗೆಯದು.

ಒಂದು ಬಡ್ಡಿ, 234ಎ ಕಲಂ. ಬಾಕಿಯಿರುವ ತೆರಿಗೆಯ ಮೇಲೆ ತಿಂಗಳಿಗೆ ಶೇಕಡ 1. ತಿಂಗಳಿನಲ್ಲಿ ಒಂದು ದಿನವಾದರೂ ಪೂರ್ತಿ ತಿಂಗಳೆಂದೇ ಎಣಿಕೆ. 20,000 ರೂಪಾಯಿ ತೆರಿಗೆ ಬಾಕಿಯಿಟ್ಟು, ಜುಲೈ 31ರ ಗಡುವು ದಾಟಿ ನವೆಂಬರ್ 21ಕ್ಕೆ ರಿಟರ್ನ್ ಕೊಟ್ಟವರಿಗೆ ನಾಲ್ಕು ತಿಂಗಳ ಬಡ್ಡಿ 800 ರೂಪಾಯಿ. ಬಾಕಿ ಕಡಿಮೆಯಿದ್ದರೆ ಬಡ್ಡಿ ಕಡಿಮೆ, ಬಾಕಿ ಇಲ್ಲದಿದ್ದರೆ ಬಡ್ಡಿಯೂ ಇಲ್ಲ. ಕಾಲ ಹೋದಂತೆ ಏರುವ ಇಳಿಜಾರು ಇದು.

ಇನ್ನೊಂದು 234ಎಫ್ ಕಲಂನ ಶುಲ್ಕ. ಇದು ಮೆಟ್ಟಿಲು. ಗಡುವಿನ ದಿನ ಮಧ್ಯರಾತ್ರಿಯ ತನಕ ಸೊನ್ನೆ, ಗಡಿಯಾರ ಹನ್ನೆರಡು ದಾಟಿದ ಕೂಡಲೇ 5,000. ಒಟ್ಟು ಆದಾಯ ಐದು ಲಕ್ಷ ಮೀರದವರಿಗೆ 1,000. ಒಂದು ದಿನ ತಡವಾದರೂ ಅಷ್ಟೇ, ನಾಲ್ಕು ತಿಂಗಳಾದರೂ ಅಷ್ಟೇ. ತೆರಿಗೆ ಬಾಕಿ ಇದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆಯಾದವರು 'ನನಗೆ ತೆರಿಗೆಯೇ ಇಲ್ಲ, ರಿಟರ್ನ್ ಯಾಕೆ' ಎಂದು ಸುಮ್ಮನಿದ್ದುಬಿಡುತ್ತಾರೆ. ರಿಟರ್ನ್ ಸಲ್ಲಿಸಬೇಕೇ ಎಂಬುದನ್ನು ತೀರ್ಮಾನಿಸುವುದು ಮೂಲ ವಿನಾಯಿತಿ ಮಿತಿ, ಕೊನೆಗೆ ಬರುವ ತೆರಿಗೆಯಲ್ಲ. ತೆರಿಗೆ ಸೊನ್ನೆಯಿದ್ದರೂ ಶುಲ್ಕ ಬೀಳಬಹುದು.

ಇದನ್ನು ನಾವು ದಂಡ ಎನ್ನುತ್ತೇವೆ, ಕಾನೂನು ಶುಲ್ಕ ಎನ್ನುತ್ತದೆ. ಈ ವ್ಯತ್ಯಾಸ ಬರಿಯ ಮಾತಿನದಲ್ಲ. ಹಿಂದೆ 271ಎಫ್ ಎಂಬ ಕಲಂ ಇತ್ತು. ಅದರಡಿ ಅಧಿಕಾರಿ 5,000 ರೂಪಾಯಿ ದಂಡ ವಿಧಿಸಬಹುದಿತ್ತು. ತಡಕ್ಕೆ ಸಕಾರಣ ತೋರಿಸಿದರೆ ಬಿಡಲೂಬಹುದಿತ್ತು. 2017ರ ಹಣಕಾಸು ಕಾಯ್ದೆ ಅದರ ಜಾಗಕ್ಕೆ ಶುಲ್ಕ ತಂದಿತು. ಈಗ ಎದುರಿಗೆ ಕೂರಿಸಿಕೊಂಡು ಕಾರಣ ಕೇಳುವವರಿಲ್ಲ. ದಿನಾಂಕ ನೋಡಿ ಗಣಕಯಂತ್ರ ಕೂಡಿಸಿಬಿಡುತ್ತದೆ. ಅಂಗಲಾಚಲು ಅದಕ್ಕೆ ಕಿವಿಯಿಲ್ಲ. ಆದ್ದರಿಂದಲೇ ಕೊನೆಯ ಹೆಜ್ಜೆಯ ಬೆಲೆ ಹೆಚ್ಚಿರುವುದು.

ಐದು ಸಾವಿರವೇ ಎಲ್ಲರಿಗೂ ಕೊನೆಯ ನಷ್ಟವಲ್ಲ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ವಿಮಾ ಕಂತು, ಭವಿಷ್ಯನಿಧಿ, ಮನೆ ಸಾಲದ ಬಡ್ಡಿ ತೋರಿಸಿ ಹಳೆಯ ಪದ್ಧತಿ ಬೇಕೆನ್ನುವ ಸಂಬಳದಾರರು ಗಡುವಿನೊಳಗೆ ಸಲ್ಲಿಸಿದ ರಿಟರ್ನಿನಲ್ಲೇ ಅದನ್ನು ಆರಿಸಿಕೊಳ್ಳಬೇಕು. ತಡವಾದರೆ ಆ ಅವಕಾಶ ತಪ್ಪಿ, ಶುಲ್ಕಕ್ಕಿಂತ ಎಷ್ಟೋ ಹೆಚ್ಚು ತೆರಿಗೆ ಬೀಳಬಹುದು. ಷೇರು ವ್ಯವಹಾರದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶವೂ ಹೋಗುತ್ತದೆ. ನಾನು ಹೊಸ ಪದ್ಧತಿಯಲ್ಲಿದ್ದುದರಿಂದ ಸಣ್ಣದರಲ್ಲಿ ಪಾರಾದೆ.

ಪತ್ರ ಬಂದರೆ ಏನು ಮಾಡಬೇಕು?

ಮೊದಲನೆಯದಾಗಿ, ಹೆದರಬೇಡಿ. ಇದು ಅಪರಾಧದ ನೋಟಿಸ್ ಅಲ್ಲ, ಲೆಕ್ಕದ ಪತ್ರ. ಎರಡೂ ಕಾಲಂಗಳನ್ನು ಸಾಲುಸಾಲಾಗಿ ಹೋಲಿಸಿ, ವ್ಯತ್ಯಾಸ ಎಲ್ಲಿದೆಯೆಂದು ಗುರುತು ಹಾಕಿ. ಬಳಿಕ ನಿಮ್ಮ ರಿಟರ್ನ್ ಸಲ್ಲಿಸಿದ ದಿನ, ದೃಢೀಕರಿಸಿದ ದಿನ, ಆ ವರ್ಷದ ಗಡುವು, ಈ ಮೂರು ದಿನಾಂಕಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಗಡುವನ್ನು ಊಹೆಯಿಂದ ಬರೆಯಬೇಡಿ. ಕೆಲವು ವರ್ಷ ಅದು ಮುಂದಕ್ಕೆ ಹೋಗುವುದುಂಟು. 2025ರಲ್ಲಿ ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ, ಆಮೇಲೆ ಇನ್ನೊಂದು ದಿನ ಮುಂದಕ್ಕೆ ಹೋಗಿತ್ತು.

ಎರಡನೆಯದಾಗಿ, ತಪ್ಪು ಯಾರದು ಎಂದು ನಿಷ್ಪಕ್ಷಪಾತವಾಗಿ ನೋಡಿ. ಗಡುವಿನೊಳಗೆ ಸಲ್ಲಿಸಿ, 30 ದಿನದೊಳಗೆ ದೃಢೀಕರಿಸಿಯೂ ಶುಲ್ಕ ಬಿದ್ದಿದ್ದರೆ ದಾಖಲೆಯ ಮೇಲೇ ಕಾಣುವ ತಪ್ಪು ಅದು. ಜಾಲತಾಣದಲ್ಲೇ ತಿದ್ದುಪಡಿ ಕೋರಿಕೆ ಸಲ್ಲಿಸಿ. 1961ರ ಕಾಯ್ದೆಯಲ್ಲಿ ಅದಕ್ಕೆ 154ನೇ ಕಲಂ ಇದೆ. ಬೇಡಿಕೆಗೆ ಉತ್ತರ ಕೊಡುವ ಪುಟದಲ್ಲಿ 'ಒಪ್ಪುವುದಿಲ್ಲ' ಎಂದು ಕಾರಣಸಹಿತ ದಾಖಲಿಸಿ. ಸ್ವೀಕೃತಿ ಪತ್ರವೇ ನಿಮ್ಮ ಸಾಕ್ಷಿ.

ಆಸ್ಪತ್ರೆ ವಾಸದಂಥ ನಿಜವಾದ ಅಡಚಣೆಯಿಂದ ದೃಢೀಕರಣ ತಡವಾಗಿದ್ದರೆ ವಿಳಂಬ ಮನ್ನಾ ಮಾಡಲು ಜಾಲತಾಣದಲ್ಲೇ ಕೋರಿಕೆ ಸಲ್ಲಿಸುವ ಅವಕಾಶವಿದೆ. ಡಾಕ್ಟರ ಚೀಟಿ, ಬಿಡುಗಡೆ ಪತ್ರ ಜೋಡಿಸಿಡಿ. ನನ್ನ ಕಾರಣ ಮರೆವು. ಮರೆವಿಗೆ ಡಾಕ್ಟರ ಚೀಟಿ ಸಿಗುವುದಿಲ್ಲ!

ಮೂರನೆಯದಾಗಿ, ಬೇಡಿಕೆ ಸರಿಯಿದ್ದರೆ ಬೇಗ ಕಟ್ಟಿಬಿಡಿ. ಮೂವತ್ತು ದಿನ ಕಾಲಾವಕಾಶ ಕೊಡುತ್ತಾರೆ. ಆಮೇಲೆ ತಿಂಗಳಿಗೆ ಶೇಕಡ 1ರಂತೆ ಬಡ್ಡಿ ಓಡುತ್ತದೆ. ಜಾಲತಾಣದಲ್ಲಿ ಆ ಬೇಡಿಕೆಯ ಎದುರಿಗೇ ಹಣ ಕಟ್ಟುವ ಅವಕಾಶವಿದೆ, ಅಲ್ಲಿಂದಲೇ ಕಟ್ಟಿದರೆ ಹಣ ಬೇರೆ ವರ್ಷಕ್ಕೋ ಬೇರೆ ಲೆಕ್ಕಕ್ಕೋ ಹೋಗುವ ಭಯವಿಲ್ಲ. ಚಲನ್ ಮುದ್ರಿಸಿಟ್ಟುಕೊಳ್ಳಿ. ನಾನು 1,140 ರೂಪಾಯಿ ಕಟ್ಟಿ, ಚಲನನ್ನು ಅದೇ ಕಡತದಲ್ಲಿ ಆ ಐಟಿಆರ್-ವಿ ಕಾಗದದ ಮೇಲೆಯೇ ಅಂಟಿಸಿದ್ದೇನೆ. ಮುಂದೆ ತೆರೆದಾಗ ಕಣ್ಣಿಗೆ ಬೀಳಲಿ ಎಂದು.

ಇಂಥ ಹೊತ್ತಿನಲ್ಲೇ ಎರಡು ಅಪಾಯಗಳು ಬರುತ್ತವೆ. 'ರೀಫಂಡ್ ಮಂಜೂರಾಗಿದೆ, ಇಲ್ಲಿ ಒತ್ತಿ' ಎಂಬ ಸುಳ್ಳು ಸಂದೇಶ ಒಂದು. ಎಂಥ ಪತ್ರ ಬಂದರೂ ಅದರೊಳಗಿನ ಕೊಂಡಿ ಒತ್ತಬೇಡಿ. ಜಾಲತಾಣಕ್ಕೆ ನೀವೇ ಪ್ರವೇಶಿಸಿ ನೋಡಿ, ಅಸಲಿ ಪತ್ರ ಅಲ್ಲಿಯೂ ಇರುತ್ತದೆ. 'ಬಾಡಿಗೆ, ದೇಣಿಗೆ ಅಂತ ಏನಾದರೂ ತೋರಿಸಿ ಹೋದ ದುಡ್ಡು ವಾಪಸ್ ತರಿಸೋಣ' ಎನ್ನುವ ಮಧ್ಯವರ್ತಿ ಇನ್ನೊಂದು. ನನಗೂ ಒಬ್ಬರು ಹೇಳಿದ್ದರು. ಸುಳ್ಳು ಲೆಕ್ಕ ಕೊಟ್ಟು ಸಿಕ್ಕಿಬಿದ್ದರೆ, ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ಮರೆವಿಗೆ ಕಟ್ಟಿದ್ದು ಐದು ಸಾವಿರ. ಸುಳ್ಳಿಗೆ ಕಟ್ಟುವುದು ಅಷ್ಟಕ್ಕೆ ನಿಲ್ಲುವುದಿಲ್ಲ.

ನಾಳೆಯ ತೆರಿಗೆದಾರರಿಗೆ

ಇದೆಲ್ಲ ಅಪ್ಪ-ಅಮ್ಮಂದಿರ ಗೋಳು ಎಂದು ವಿದ್ಯಾರ್ಥಿಗಳು ಪುಟ ಮಗುಚಬೇಡಿ. ಓದುತ್ತಲೇ ಸಣ್ಣಪುಟ್ಟ ಕೆಲಸ ಮಾಡುವವರು ಈಗ ಬಹಳ ಮಂದಿ. ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಆದರೆ ಕೆಲಸಕ್ಕೆ ಬಂದ ಸಂಭಾವನೆಯಲ್ಲಿ ಕಂಪನಿಯವರು ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡಬಹುದು. ವರ್ಷದ ಆದಾಯ ಮೂಲ ವಿನಾಯಿತಿ ಮಿತಿಯೊಳಗಿದ್ದರೆ ಮುರಿದುಕೊಂಡ ಹಣ ನಿಮ್ಮದೇ. ಆದರೆ ರಿಟರ್ನ್ ಸಲ್ಲಿಸಿ ಕೇಳಿದರೆ ಮಾತ್ರ ಅದು ಬರುತ್ತದೆ. ರಿಟರ್ನ್ ಕಡ್ಡಾಯವಲ್ಲದ ಇಂಥವರು ತಡವಾಗಿ ಕೊಟ್ಟರೂ 234ಎಫ್ ಶುಲ್ಕವಿಲ್ಲ. ವರ್ಷದಲ್ಲಿ ಮುರಿದುಕೊಂಡ ತೆರಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆದಾಯ ಕಡಿಮೆಯಿದ್ದರೂ ರಿಟರ್ನ್ ಕಡ್ಡಾಯ, ತಡವಾದರೆ ಶುಲ್ಕವೂ ಬರುತ್ತದೆ. ತಡವಾದ ರಿಟರ್ನ್‌ಗೂ ಡಿಸೆಂಬರ್ 31ರ ಎಲ್ಲೆಯಿದೆ. ಅದೂ ದಾಟಿದರೆ ನಾಲ್ಕು ವರ್ಷದವರೆಗೆ ಹೆಚ್ಚುವರಿ ತೆರಿಗೆ ಕಟ್ಟಿ ನವೀಕೃತ ರಿಟರ್ನ್ ಕೊಡುವ ದಾರಿಯುಂಟು. ಆದರೆ ಆ ದಾರಿಯಲ್ಲಿ ರೀಫಂಡ್ ಕೇಳುವಂತಿಲ್ಲ.

1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಜಾರಿಯೆಂದು 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಕಲಂಗಳ ಸಂಖ್ಯೆ ಬದಲಾಗುತ್ತದೆ. ನಾನಿಲ್ಲಿ ಹೇಳಿದ ಕಲಂಗಳು ನನ್ನ ಕಥೆ ನಡೆದ ವರ್ಷದವು. ನನ್ನ ಹಾಗೆ ಹಳೆಯ ನೆನಪಿನ ಮೇಲೆ ಕೂರದೆ ಆಯಾ ವರ್ಷದ ನಿಯಮ ಓದಿಕೊಳ್ಳಿ. ಈಗಲೇ ಮಾಡಬಹುದಾದ ಕೆಲಸವೆಂದರೆ ಆಧಾರ್, ಬ್ಯಾಂಕ್ ಖಾತೆ, ತೆರಿಗೆ ಜಾಲತಾಣ ಈ ಮೂರು ಕಡೆಯೂ ಈಗ ಬಳಸುವ ಮೊಬೈಲ್ ನಂಬರ್ ಇದೆಯೇ ಎಂದು ಮಕ್ಕಳು ಮನೆಯಲ್ಲಿ ಪರೀಕ್ಷಿಸುವುದು. ಅಪ್ಪ ರಿಟರ್ನ್ ಸಲ್ಲಿಸಿದೆ ಎಂದಾಗ, 'ದೃಢೀಕರಣ ಆಯಿತೇ?' ಎಂದು ಒಂದು ಪ್ರಶ್ನೆ ಕೇಳಿ. ಯಾವ ವಿಧಾನವೂ ಆಗದಿದ್ದರೆ ಐಟಿಆರ್-ವಿ ಕಾಗದಕ್ಕೆ ಸಹಿ ಹಾಕಿ ಬೆಂಗಳೂರಿನ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ಮೂವತ್ತು ದಿನದೊಳಗೆ ಅಲ್ಲಿಗೆ ತಲುಪುವಂತೆ.

ಈ ಕಥೆಯನ್ನು ಹತ್ತನೆಯ ತರಗತಿಯಲ್ಲಿ ಒಂದು ದಿನ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಸಾರ್, ಹಾಗಾದ್ರೆ ಇನ್ನು ಮೇಲೆ ಏಕಮಾನ ಬರೀದಿದ್ರೂ ಅಂಕ ಕಡಿಯೋದಿಲ್ವಾ?' ಎಂದ.

'ಕಡಿಯುತ್ತೇನೆ' ಎಂದೆ. ಈಗಲೂ ಕಡಿಯುತ್ತೇನೆ. ಆದರೆ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಪರೀಕ್ಷೆ ಮುಗಿಯಲು ಐದು ನಿಮಿಷವಿದೆ ಎನ್ನುವಾಗ ತರಗತಿಯಲ್ಲಿ ಒಂದು ಸುತ್ತು ಬಂದು, 'ಏಕಮಾನ ನೋಡಿಕೊಳ್ಳಿ' ಎಂದು ಎಲ್ಲರಿಗೂ ಒಂದು ಸಲ ನೆನಪಿಸುತ್ತೇನೆ.